ಎಡ್ಸೆಲ್ ಫೋರ್ಡ್

ಎಡ್ಸೆಲ್ ಬ್ರಯಂಟ್ ಫೋರ್ಡ್ (ನವೆಂಬರ್ 6, 1893 – ಮೇ 26, 1943) ಅಮೆರಿಕ ಸಂಯುಕ್ತ ಸಂಸ್ಥಾನದ ಮೋಟಾರು ವಾಹನೋದ್ಯಮಿ ಹಾಗೂ ಕಲಾಪೋಷಕರು. ಫೋರ್ಡ್ ಮೋಟಾರ್ ಕಂಪನಿಯ ಸಂಸ್ಥಾಪಕ ಹೆನ್ರಿ ಫೋರ್ಡ್ ಅವರ ಏಕಮಾತ್ರ ಪುತ್ರರಾದ ಇವರು 1919ರಿಂದ ತಮ್ಮ ಮರಣದವರೆಗೆ ಆ ಕಂಪನಿಯ ಅಧ್ಯಕ್ಷರಾಗಿದ್ದರು. ಮಾಡೆಲ್ ಎ, 1932ರ ಫೋರ್ಡ್ ವಿ-8, ಲಿಂಕನ್ ಜೆಫಿರ್, ಮರ್ಕ್ಯುರಿ ಮತ್ತು ಲಿಂಕನ್ ಕಾಂಟಿನೆಂಟಲ್ ಕಾರುಗಳ ರೂಪ ನಿರ್ಣಯದಲ್ಲಿ ಇವರ ಪಾತ್ರ ಮುಖ್ಯವಾದುದು. ಹಳೆಯ ಕಾರನ್ನು ಬಿಚ್ಚಿ, ತಗ್ಗಿಸಿ, ಹೆಚ್ಚು ವೇಗವಾಗಿ ಓಡುವಂತೆ ಮರುನಿರ್ಮಿಸುವ ‘ಹಾಟ್ ರಾಡ್’ ಕಲೆಯ ಇತಿಹಾಸದಲ್ಲಿಯೂ ಇವರ ಹೆಸರು ಬರುತ್ತದೆ. ಈ ಕಲೆಗೆ ಅತ್ಯಂತ ಪ್ರಿಯವಾದ ಕಾರು ಇವರ ಅಧ್ಯಕ್ಷತೆಯ ಕಾಲದಲ್ಲಿ ತಯಾರಾದುದು. ಫೋರ್ಡ್ ಕಾರುಗಳ ಭಾಗಗಳಿಂದ ಸ್ವತಃ ಇವರೂ ತಮ್ಮ ಬಳಕೆಗಾಗಿ ತಗ್ಗಿನ ವೇಗದ ಕಾರುಗಳನ್ನು ಕಟ್ಟಿಸಿಕೊಂಡಿದ್ದರು.

ಜನನ ಮತ್ತು ಬಾಲ್ಯ

ಎಡ್ಸೆಲ್ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದಲ್ಲಿ ಜನಿಸಿದರು. ತಾಯಿ ಕ್ಲಾರಾ ಬ್ರಯಂಟ್. ಹೆನ್ರಿ ಫೋರ್ಡ್ ತಮ್ಮ ಬಾಲ್ಯಸ್ನೇಹಿತ ಎಡ್ಸೆಲ್ ರಡಿಮನ್ ಅವರ ಹೆಸರನ್ನೇ ಮಗನಿಗೆ ಇಟ್ಟರು. ಹೆನ್ರಿ ತಮ್ಮ ಮೊದಲ ಮೋಟಾರು ಬಂಡಿಯನ್ನು ಓಡಿಸಿದ್ದು 1896ರಲ್ಲಿ; ಆಗ ಮಗನಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಹೀಗೆ ಮೋಟಾರು ಕಾರಿನ ಜೊತೆಜೊತೆಗೇ ಬೆಳೆದ ಮೊದಲ ತಲೆಮಾರಿನವರಲ್ಲಿ ಎಡ್ಸೆಲ್ ಒಬ್ಬರು. ಡೆಟ್ರಾಯಿಟ್ ಯೂನಿವರ್ಸಿಟಿ ಸ್ಕೂಲಿನಲ್ಲಿ ಓದಿದ ಅವರು ಕಾಲೇಜು ಸೇರದೆ ತಂದೆಯ ಕಂಪನಿಯನ್ನೇ ಸೇರಿದರು. ಚಿತ್ರ ಬಿಡಿಸುವುದು, ಛಾಯಾಗ್ರಹಣ ಹಾಗೂ ದೋಣಿಗಳಲ್ಲಿ ಅವರಿಗೆ ಎಳವೆಯಿಂದಲೂ ಆಸಕ್ತಿಯಿತ್ತು. 1915ರಲ್ಲಿ ಗೆಳೆಯರೊಡನೆ ಮಾಡೆಲ್ ಟಿ ಕಾರಿನಲ್ಲಿ ಡೆಟ್ರಾಯಿಟ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಪಯಣಿಸಿದರು. ಆ ಕಾಲದಲ್ಲಿ ಪಶ್ಚಿಮದ ರಾಜ್ಯಗಳಲ್ಲಿ ಹೆದ್ದಾರಿ ಎಂಬುದು ಬಹುಪಾಲು ಮಣ್ಣಿನ ಹಾದಿಯೇ ಆಗಿತ್ತು.

1916ರ ನವೆಂಬರ್ 1ರಂದು ಎಲಿನರ್ ಕ್ಲೇ ಅವರನ್ನು ವಿವಾಹವಾದರು. ಈ ದಂಪತಿಗಳಿಗೆ ಎರಡನೆಯ ಹೆನ್ರಿ, ಬೆನ್ಸನ್, ಜೋಸೆಫಿನ್ ಮತ್ತು ವಿಲಿಯಂ ಕ್ಲೇ ಎಂಬ ನಾಲ್ವರು ಮಕ್ಕಳು.

ಅಧ್ಯಕ್ಷ ಪದವಿ

1919ರ ಆರಂಭದಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಎಡ್ಸೆಲ್ ಫೋರ್ಡ್ ಮೋಟಾರ್ ಕಂಪನಿಯ ಅಧ್ಯಕ್ಷರಾದರು. ಅದೇ ವರ್ಷ ಹೆನ್ರಿ ಫೋರ್ಡ್ ಹೊರಗಿನ ಷೇರುದಾರರೆಲ್ಲರ ಪಾಲನ್ನು ಕೊಂಡುಕೊಂಡದ್ದರಿಂದ ಕಂಪನಿಯು ಸಂಪೂರ್ಣವಾಗಿ ಕುಟುಂಬದ ಸ್ವತ್ತಾಯಿತು. ಪದವಿ ಮಗನದಾದರೂ ಬಹುಪಾಲು ಷೇರುಗಳು ಮತ್ತು ಕಡೆಯ ಮಾತು ತಂದೆಯವೇ ಆಗಿದ್ದವು. ಮುಂದಿನ 24 ವರ್ಷಗಳ ಕಥೆಯನ್ನು ಈ ಏರ್ಪಾಡನ್ನು ಬಿಟ್ಟು ಅರ್ಥಮಾಡಿಕೊಳ್ಳಲಾಗದು. ಲೆಕ್ಕಪತ್ರ, ಮಾರಾಟ, ಜಾಹೀರಾತುಗಳನ್ನು ಎಡ್ಸೆಲ್ ನೋಡಿಕೊಂಡರು. ಯಂತ್ರಭಾಗಗಳ ವಿಷಯ ಬಂದಾಗ ಹೆನ್ರಿ ಯಾರ ಮಾತನ್ನೂ ಸುಲಭವಾಗಿ ಕೇಳುತ್ತಿರಲಿಲ್ಲ.

1922ರಲ್ಲಿ ದಿವಾಳಿಯ ಅಂಚಿನಲ್ಲಿದ್ದ ಲಿಂಕನ್ ಕಂಪನಿಯನ್ನು ಫೋರ್ಡ್ 80 ಲಕ್ಷ ಡಾಲರಿಗೆ ಕೊಂಡಿತು. ದುಬಾರಿ ಕಾರುಗಳಲ್ಲಿ ತಂದೆಗೆ ಅಷ್ಟು ಒಲವಿಲ್ಲದ ಕಾರಣ ಲಿಂಕನ್ ಎಡ್ಸೆಲ್ ಅವರ ಪಾಲಿಗೆ ಬಂದಿತು. ಅದರ ಎಂಜಿನು ಮತ್ತು ಚಾಸಿಸ್ ಉತ್ತಮವಾಗಿದ್ದರೂ ಹೊರಮೈ ಹಳೆಯ ಕಾಲದ್ದೆನಿಸುತ್ತಿತ್ತು. ಬ್ರನ್, ಜಡ್ಕಿನ್ಸ್, ಲೆಬ್ಯಾರನ್ ಮೊದಲಾದ ಹೆಸರಾಂತ ಮೈಕಟ್ಟು ತಯಾರಕರನ್ನು ಕರೆಸಿ ಎಡ್ಸೆಲ್ ಅದಕ್ಕೆ ಹೊಸ ರೂಪ ಕೊಡಿಸಿದರು. ಮೈಕಟ್ಟಿನ ಎತ್ತರ, ಆಸನದ ಸ್ಥಾನ, ಕಿಟಕಿಯ ಗೆರೆ ಇವುಗಳ ಪರಸ್ಪರ ಸಂಬಂಧವನ್ನು ಅವರು ಅಭ್ಯಾಸ ಮಾಡಿದ್ದು ಇಲ್ಲಿಯೇ.

ಮಾಡೆಲ್ ಟಿ ಮತ್ತು ಮಾಡೆಲ್ ಎ

1908ರಿಂದ ತಯಾರಾಗುತ್ತಿದ್ದ ಮಾಡೆಲ್ ಟಿ ಗಟ್ಟಿಮುಟ್ಟಾದ ಅಗ್ಗದ ಕಾರು. ಆದರೆ ಓಡಿಸುವವನಿಗೆ ಸುಖಕರವಾಗಿರಲಿಲ್ಲ. ಕೆಳ ಗೇರಿನಲ್ಲಿ ಹೋಗಬೇಕಾದರೆ ಎಡ ಪೆಡಲನ್ನು ಒತ್ತಿಯೇ ಹಿಡಿದಿರಬೇಕಿತ್ತು. ಉದ್ದನೆಯ ಏರುಹಾದಿಯಲ್ಲಿ ಚಾಲಕನ ಕಾಲು ಸೋಲುತ್ತಿತ್ತು. ಆಸನ ಎತ್ತರದಲ್ಲಿದ್ದು ನೇರವಾಗಿ ಕುಳಿತುಕೊಳ್ಳಬೇಕಿತ್ತು. 1920ರ ದಶಕದಲ್ಲಿ ಷೆವ್ರೊಲೆ ಮುಂತಾದ ಪ್ರತಿಸ್ಪರ್ಧಿಗಳು ಮುಂದೆ ಬರುತ್ತಿದ್ದರೂ ಹೆನ್ರಿ ತಮ್ಮ ಕಾರನ್ನು ಬಿಡಲು ಒಪ್ಪಲಿಲ್ಲ. ಎಡ್ಸೆಲ್ ಮತ್ತು ಇತರ ಅಧಿಕಾರಿಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, ಮಾರಾಟವೂ ಕುಸಿದ ಮೇಲೆ, 1927ರ ಮೇ 26ರಂದು ಒಂದೂವರೆ ಕೋಟಿಯ ಸಂಖ್ಯೆಯ ಮಾಡೆಲ್ ಟಿ ಕಾರ್ಖಾನೆಯಿಂದ ಹೊರಬಂತು. ಅದನ್ನು ಓಡಿಸಿದವರು ಎಡ್ಸೆಲ್, ಪಕ್ಕದಲ್ಲಿ ಕುಳಿತಿದ್ದವರು ಹೆನ್ರಿ.

ಅದೇ ವರ್ಷದ ಡಿಸೆಂಬರಿನಲ್ಲಿ ಬಿಡುಗಡೆಯಾದ ಮಾಡೆಲ್ ಎ ಕಾರಿನ ರೂಪವನ್ನು ಎಡ್ಸೆಲ್ ನಿರ್ಧರಿಸಿದರು. ತಾವು ರೂಪಿಸಿದ ದೊಡ್ಡ ಲಿಂಕನ್ನಿನ ಛಾಯೆಯನ್ನು ಅಗ್ಗದ ಕಾರಿಗೂ ತಂದರು. ಮೂರು ಗೇರುಗಳ ಸಾಮಾನ್ಯ ಗೇರುಪೆಟ್ಟಿಗೆ, ನಾಲ್ಕು ಚಕ್ರಗಳಿಗೂ ಬ್ರೇಕು, ಒಡೆದರೂ ಚೂರುಗಳು ಸಿಡಿಯದ ಮುಂಗಾಜು ಇವೆಲ್ಲ ಅದರಲ್ಲಿದ್ದವು. ಎಂಜಿನು ಮತ್ತು ಚಾಸಿಸ್ಸಿನ ತೀರ್ಮಾನಗಳು ಮಾತ್ರ ಹೆನ್ರಿಯವರವೇ. ಈ ಕೆಲಸ ಹಂಚಿಕೆ ಮುಂದೆಯೂ ಉಳಿಯಿತು: ಕಣ್ಣಿಗೆ ಕಾಣುವುದು ಮಗನದು, ರಸ್ತೆಯನ್ನು ಮುಟ್ಟುವುದು ತಂದೆಯದು.

1932ರ ವಿ-8

1932ರಲ್ಲಿ ಬಂದ ಮಾಡೆಲ್ 18, ಎಂಟು ಸಿಲಿಂಡರುಗಳ ವಿ-ಆಕಾರದ ಎಂಜಿನನ್ನು ಸಾಮಾನ್ಯ ಜನರ ಕೈಗೆಟಕುವ ಬೆಲೆಗೆ ಕೊಟ್ಟ ಮೊದಲ ಕಾರು. ಎಂಜಿನಿನ ಗಾತ್ರ 221 ಘನ ಅಂಗುಲ, ಶಕ್ತಿ 65 ಅಶ್ವಶಕ್ತಿ. ರೋಡ್‌ಸ್ಟರ್ ಮಾದರಿಯ ಬೆಲೆ 460 ಡಾಲರು. ಎಂಜಿನು ಹೆನ್ರಿಯವರ ಹಟದ ಫಲ. ತೆಳುವಾದ ರೇಡಿಯೇಟರ್ ಜಾಲರಿ, ಹೊರಗೆ ಕಾಣುವ ಚಾಸಿಸ್ ಅಂಚಿನ ಸ್ವಚ್ಛ ಗೆರೆ, ಅಳತೆ ತಪ್ಪದ ಮಡ್‌ಗಾರ್ಡುಗಳು ಎಡ್ಸೆಲ್ ಅವರ ಅಭಿರುಚಿಗೆ ಸೇರಿದವು. ಮುಂದೆ ಹಾಟ್ ರಾಡ್ ಕಟ್ಟುವವರು ಇದನ್ನು ‘ಡ್ಯೂಸ್’ ಎಂದು ಕರೆದರು. ಆ ಕಲೆಯಲ್ಲಿ ಸಾಂಪ್ರದಾಯಿಕ ಶೈಲಿ ಎಂದರೆ ಇಂದಿಗೂ ಮೊದಲು ನೆನಪಾಗುವುದು ಈ ಕಾರಿನ ಮುಖವೇ.

ಸ್ವಂತ ಬಳಕೆಯ ಸ್ಪೀಡ್‌ಸ್ಟರುಗಳು

1931ರಲ್ಲಿ ಲಿಂಕನ್ ವಿಭಾಗಕ್ಕೆ ಯೂಜೀನ್ ಗ್ರೆಗರಿ ಎಂಬ ತರುಣ ವಿನ್ಯಾಸಕಾರ ಸೇರಿದರು. ಇವರು ಮೊದಲು ವಿಹಾರ ನೌಕೆಗಳನ್ನು ವಿನ್ಯಾಸ ಮಾಡುತ್ತಿದ್ದವರು. ದೋಣಿಗಳ ಒಲವು ಎಡ್ಸೆಲ್ ಮತ್ತು ಗ್ರೆಗರಿಯವರನ್ನು ಹತ್ತಿರ ತಂದಿತು. ಇಂಗ್ಲೆಂಡಿನ ಮಾರುಕಟ್ಟೆಗಾಗಿ ಗ್ರೆಗರಿ ರೂಪಿಸಿದ ಸಣ್ಣ ಮಾಡೆಲ್ ವೈ ಎಡ್ಸೆಲ್ ಅವರಿಗೆ ಎಷ್ಟು ಹಿಡಿಸಿತೆಂದರೆ, ಅದನ್ನೇ ಹಿಗ್ಗಿಸಿ 1933ರ ಅಮೆರಿಕನ್ ಫೋರ್ಡ್ ಕಾರಿನ ರೂಪವನ್ನಾಗಿಸಿದರು.

ಯುರೋಪಿನ ಪ್ರವಾಸಗಳಲ್ಲಿ ಕಂಡ ತಗ್ಗಿನ, ನೀಳವಾದ ಕ್ರೀಡಾ ಕಾರುಗಳಂಥದ್ದೊಂದು ತಮಗೂ ಬೇಕೆಂದು ಎಡ್ಸೆಲ್ ಬಯಸಿದರು. ಕೊಂಡು ತರುವ ಶಕ್ತಿಯಿದ್ದರೂ ಫೋರ್ಡ್ ಭಾಗಗಳಿಂದಲೇ ಕಟ್ಟಿಸಲು ನಿರ್ಧರಿಸಿದರು. ಮೊದಲನೆಯದು 1932ರ ವಿ-8 ಚಾಸಿಸ್ ಮೇಲೆ ದೋಣಿಯ ಬಾಲದಂತೆ ಹಿಂದಕ್ಕೆ ಚೂಪಾಗುವ ಮೈಕಟ್ಟಿನ ಕಾರು. ಅದು ಚೆನ್ನಾಗಿಯೇ ಇದ್ದರೂ ಎಡ್ಸೆಲ್ ಬಯಸಿದಷ್ಟು ತಗ್ಗಿರಲಿಲ್ಲ.

1934ರಲ್ಲಿ ಎರಡನೆಯ ಕಾರು ತಯಾರಾಯಿತು. ಇದನ್ನು ಮಾಡೆಲ್ 40 ಸ್ಪೆಷಲ್ ಸ್ಪೀಡ್‌ಸ್ಟರ್ ಎಂದು ಕರೆಯುತ್ತಾರೆ. ಫೋರ್ಡ್ ಕಂಪನಿಯ ವಿಮಾನ ವಿಭಾಗದ ಕುಶಲಕರ್ಮಿಗಳು ಅದರ ಹೊರಮೈಯನ್ನು ಅಲ್ಯೂಮಿನಿಯಂನಲ್ಲಿ ಕೈಯಿಂದ ರೂಪಿಸಿದರು. ಇಬ್ಬರಿಗೆ ಆಸನ, ಮುಚ್ಚಿಗೆ ಇಲ್ಲ, ಒಬ್ಬೊಬ್ಬರ ಮುಂದೆ ಒಂದೊಂದು ಪುಟ್ಟ ಮುಂಗಾಜು. ಒಳಗೆ ಬೂದು ಬಣ್ಣದ ಚರ್ಮದ ಹೊದಿಕೆ.

ಈ ಕಾರನ್ನು ತಗ್ಗಿಸಿದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಕಾರನ್ನು ತಗ್ಗಾಗಿಸಲು ಮೂರು ದಾರಿಗಳಿವೆ. ಚಾವಣಿಯ ಕಂಬಗಳನ್ನು ಕತ್ತರಿಸಿ ಗಿಡ್ಡ ಮಾಡುವುದು ಒಂದು. ಇದರಿಂದ ಚಾಲಕನ ತಲೆ ಚಾವಣಿಗೆ ತಗಲುತ್ತದೆ, ಕಿಟಕಿ ಕಿರಿದಾಗಿ ನೋಟವೂ ಕುಗ್ಗುತ್ತದೆ. ಮೈಕಟ್ಟಿನ ನೆಲವನ್ನು ಕತ್ತರಿಸಿ ಅದು ಚಾಸಿಸ್ಸಿನ ಮೇಲೆ ಕೂಡುವ ಬದಲು ಚಾಸಿಸ್ಸನ್ನೇ ಕವುಚಿಕೊಳ್ಳುವಂತೆ ಇಳಿಸುವುದು ಇನ್ನೊಂದು. ಆಗ ಮೈಕಟ್ಟು ಇಳಿಯುತ್ತದೆ, ನೆಲ ಮಾತ್ರ ಅಲ್ಲಿಯೇ ಉಳಿಯುವುದರಿಂದ ಕಾಲು ಚಾಚಲು ಜಾಗ ಸಾಲದು. ಮೂರನೆಯದು ಚಾಸಿಸ್ಸನ್ನೇ ಮಾರ್ಪಡಿಸಿ ಅಚ್ಚಿಗೆ ಹೋಲಿಸಿದರೆ ಕೆಳಕ್ಕೆ ತರುವುದು. ಆಗ ನೆಲ, ಆಸನ, ಮೈಕಟ್ಟು ಎಲ್ಲವೂ ಒಟ್ಟಿಗೆ ಇಳಿಯುತ್ತವೆ, ಒಳಗಿನ ಜಾಗ ಹಾಗೆಯೇ ಉಳಿಯುತ್ತದೆ. ಮೂರನೆಯದೇ ಅತ್ಯಂತ ಕಷ್ಟದ್ದು ಮತ್ತು ದುಬಾರಿಯಾದದ್ದು. ಗ್ರೆಗರಿ ಅದನ್ನೇ ಆರಿಸಿಕೊಂಡರು. ಎಂಜಿನು, ಗೇರುಪೆಟ್ಟಿಗೆ, ಅಚ್ಚುಗಳು ಸಾಮಾನ್ಯ ಫೋರ್ಡಿನವೇ ಆಗಿದ್ದವು. ಅಡ್ಡ ಸ್ಪ್ರಿಂಗುಗಳೂ ತಂದೆಯ ಸಂಪ್ರದಾಯದಂತೆಯೇ ಉಳಿದವು.

ಎಡ್ಸೆಲ್ ಈ ಕಾರನ್ನು ತಮ್ಮಲ್ಲಿ ಕೊನೆಯವರೆಗೂ ಇಟ್ಟುಕೊಂಡಿದ್ದರು. ಚಂದದ ಮುಂಭಾಗದಿಂದ ಗಾಳಿ ಸಾಲದೆ ಎಂಜಿನು ಕಾಯುವ ತೊಂದರೆ ಅದಕ್ಕಿತ್ತು. 1939–40ರ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಎಂಜಿನು ಒಡೆದಾಗ ಮರ್ಕ್ಯುರಿ ಎಂಜಿನನ್ನು ಜೋಡಿಸಲಾಯಿತು. ಅದೇ ಸಂದರ್ಭದಲ್ಲಿ ಗ್ರೆಗರಿ ಮುಂದಿನ ಜಾಲರಿಯನ್ನು ಅಗಲಗೊಳಿಸಿ ಹೊಸದಾಗಿ ರೂಪಿಸಿದರು. ನೋಟಕ್ಕೂ ಉಪಯೋಗಕ್ಕೂ ನಡುವಿನ ಇಂಥ ಹೊಂದಾಣಿಕೆ ಹಾಟ್ ರಾಡ್ ಕಟ್ಟುವ ಪ್ರತಿಯೊಬ್ಬರ ಗ್ಯಾರೇಜಿನಲ್ಲೂ ನಡೆಯುವಂಥದ್ದೇ. ವ್ಯತ್ಯಾಸವಿಷ್ಟೆ: ಇಲ್ಲಿ ಗ್ಯಾರೇಜಿನ ಒಡೆಯ ಕಂಪನಿಯ ಅಧ್ಯಕ್ಷ.

ಬ್ರೇಕು ಮತ್ತು ಸ್ಪ್ರಿಂಗಿನ ವಿವಾದ

ಹೆನ್ರಿ ಫೋರ್ಡ್ ಮಾಡೆಲ್ ಟಿ ಕಾಲದಿಂದಲೂ ಮುಂದೊಂದು, ಹಿಂದೊಂದು ಪಟ್ಟಿ ಸ್ಪ್ರಿಂಗನ್ನು ಅಚ್ಚಿಗೆ ಸಮಾನಾಂತರವಾಗಿ ಅಡ್ಡಲಾಗಿ ಕೂಡಿಸುತ್ತಿದ್ದರು. ನಮ್ಮ ಜಟಕಾ ಗಾಡಿಗಳಲ್ಲಿದ್ದಂಥ ಬಾಗಿದ ಉಕ್ಕಿನ ಪಟ್ಟಿಗಳೇ ಇವು. ಈ ಏರ್ಪಾಡು ಹಗುರ, ಅಗ್ಗ, ಗಟ್ಟಿ. ಹದಗೆಟ್ಟ ಹಳ್ಳಿ ರಸ್ತೆಗಳಲ್ಲಿ ಒಂದು ಚಕ್ರ ಗುಂಡಿಗೆ ಇಳಿದರೂ ಚಾಸಿಸ್ ತಿರುಚಿಕೊಳ್ಳುತ್ತಿರಲಿಲ್ಲ. ಆದರೆ ವೇಗ ಹೆಚ್ಚಿದಾಗ ಕಾರು ಓಲಾಡುತ್ತಿತ್ತು, ಕುಲುಕಾಟವೂ ಹೆಚ್ಚು. 1934ರ ವೇಳೆಗೆ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಕಂಪನಿಗಳು ಮುಂದಿನ ಎರಡು ಚಕ್ರಗಳಿಗೂ ಪ್ರತ್ಯೇಕ ಸ್ಪ್ರಿಂಗ್ ಇರುವ ಕಾರುಗಳನ್ನು ಮಾರುತ್ತಿದ್ದವು. ಫೋರ್ಡ್ ಕಾರಿಗೆ ಆ ಸೌಕರ್ಯ ಬಂದದ್ದು 1949ರ ಮಾದರಿಯಲ್ಲಿ, ತಂದೆ ಮಗ ಇಬ್ಬರೂ ಕಾಲವಾದ ಮೇಲೆ.

ಬ್ರೇಕಿನ ಕಥೆ ಇನ್ನೂ ಗಂಭೀರವಾದುದು. ಫೋರ್ಡ್ ಕಾರಿನ ಬ್ರೇಕುಗಳು ಸಲಾಕೆ, ತಂತಿಗಳಿಂದ ಕೆಲಸ ಮಾಡುತ್ತಿದ್ದವು. ನಾಲ್ಕು ಚಕ್ರಗಳಿಗೂ ಹಿಡಿತ ಒಂದೇ ಸಮ ಇರಬೇಕಾದರೆ ಆಗಾಗ್ಗೆ ಬಿಗಿತ ಸರಿಪಡಿಸಬೇಕಿತ್ತು, ಪೆಡಲನ್ನು ಬಲವಾಗಿ ತುಳಿಯಬೇಕಿತ್ತು. ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕು ಈ ಎರಡು ತೊಂದರೆಗಳನ್ನೂ ನೀಗಿಸುತ್ತದೆ. ಅಗ್ಗದ ಪ್ಲಿಮತ್ ಕಾರಿನಲ್ಲಿ ಅದು 1928ರಲ್ಲೇ ಇತ್ತು. ಷೆವ್ರೊಲೆ 1936ರಲ್ಲಿ ಅಳವಡಿಸಿಕೊಂಡಿತು. ಎಡ್ಸೆಲ್ ಹೈಡ್ರಾಲಿಕ್ ಬ್ರೇಕಿನ ಪರ ಬಹುಕಾಲ ವಾದಿಸಿದರು. ಉಕ್ಕಿನ ಸಲಾಕೆಯನ್ನು ನಂಬಬಹುದು, ಕೊಳವೆಯೊಳಗಿನ ದ್ರವವನ್ನಲ್ಲ ಎಂಬುದು ಹೆನ್ರಿಯವರ ನಿಲುವಾಗಿತ್ತು. ಕೊನೆಗೆ 1939ರ ಮಾದರಿಯಲ್ಲಿ ಫೋರ್ಡ್ ಕಾರುಗಳಿಗೆ ಹೈಡ್ರಾಲಿಕ್ ಬ್ರೇಕು ಬಂದಿತು.

ಜೆಫಿರ್, ಮರ್ಕ್ಯುರಿ, ಕಾಂಟಿನೆಂಟಲ್

1935ರಲ್ಲಿ ಎಡ್ಸೆಲ್ ಕಂಪನಿಯಲ್ಲಿ ಪ್ರತ್ಯೇಕ ವಿನ್ಯಾಸ ವಿಭಾಗವನ್ನು ತೆರೆದು ಗ್ರೆಗರಿಯವರನ್ನು ಮುಖ್ಯಸ್ಥರನ್ನಾಗಿ ಮಾಡಿದರು. ಬಿಡುವು ಮಾಡಿಕೊಂಡು ತಾವೂ ಅಲ್ಲಿಗೆ ಹೋಗಿ ಜೇಡಿಮಣ್ಣಿನ ಮಾದರಿಗಳ ಮುಂದೆ ಕುಳಿತುಕೊಳ್ಳುತ್ತಿದ್ದರು.

ಅದೇ ವರ್ಷದ ಕೊನೆಗೆ ಬಂದ ಲಿಂಕನ್ ಜೆಫಿರ್ ಕಾರಿನ ಮೂಲ ಕಲ್ಪನೆ ಜಾನ್ ಟಿಯಾರ್ಡಾ ಅವರದು. ಮುಂಭಾಗದ ರೂಪ ಗ್ರೆಗರಿಯವರದು. ಇದರಲ್ಲಿ ಚಾಸಿಸ್ ಮತ್ತು ಮೈಕಟ್ಟು ಬೇರೆಬೇರೆಯಾಗಿರದೆ ಒಂದೇ ಚೌಕಟ್ಟಾಗಿದ್ದುದರಿಂದ ನೆಲವನ್ನು ತಗ್ಗಾಗಿರಿಸಿ, ಒಳಗಿನ ಜಾಗವನ್ನು ವಿಶಾಲವಾಗಿಡಲು ಸಾಧ್ಯವಾಯಿತು. ಸ್ಪ್ರಿಂಗುಗಳು ಮಾತ್ರ ಅಡ್ಡವಾಗಿಯೇ ಇದ್ದವು. 1939ರ ಮಾದರಿಯಾಗಿ ಬಂದ ಮರ್ಕ್ಯುರಿ, ಫೋರ್ಡಿಗೂ ಲಿಂಕನ್ನಿಗೂ ನಡುವಿನ ಬೆಲೆಯ ಕಾರು.

1938ರಲ್ಲಿ ಯುರೋಪಿನಿಂದ ಮರಳಿದ ಎಡ್ಸೆಲ್ ಮತ್ತೆ ತಮಗಾಗಿ ಒಂದು ಕಾರು ಕಟ್ಟಿಸಿದರು. ಗ್ರೆಗರಿ ಜೆಫಿರ್ ಕಾರಿನ ನಕ್ಷೆಯ ಮೇಲೆಯೇ ಹೊಸ ಗೆರೆಗಳನ್ನೆಳೆದು, ಮೈಕಟ್ಟಿನ ನಡುವಿನಿಂದ ಕೆಲವು ಅಂಗುಲ ಎತ್ತರವನ್ನು ಅಡ್ಡಕ್ಕೆ ತೆಗೆದುಹಾಕಿ, ಬಾನೆಟ್ಟನ್ನು ಉದ್ದವಾಗಿಸಿ, ಹೆಚ್ಚುವರಿ ಚಕ್ರವನ್ನು ಹಿಂದೆ ಹೊರಗೆ ಇಟ್ಟರು. 1939ರ ವಸಂತದಲ್ಲಿ ಫ್ಲಾರಿಡಾದಲ್ಲಿ ಎಡ್ಸೆಲ್ ಇದನ್ನು ಓಡಿಸಿದಾಗ ಪರಿಚಿತರು ತಮಗೂ ಬೇಕೆಂದರು. ಹೀಗೆ ಲಿಂಕನ್ ಕಾಂಟಿನೆಂಟಲ್ ಮಾರಾಟಕ್ಕೆ ಬಂದಿತು. ಮೊದಲ ಕಾರುಗಳಲ್ಲಿ ಕತ್ತರಿಸಿ ಬೆಸೆದ ಜಾಗಗಳನ್ನು ಸೀಸ ತುಂಬಿ ನಯಗೊಳಿಸಲಾಗಿತ್ತು. ಕಾರು ಮಾರ್ಪಡಿಸುವ ಕ್ಯಾಲಿಫೋರ್ನಿಯಾದ ಕಸುಬುದಾರರ ವಿಧಾನವೂ ಇದೇ. ಅದರ ಹಿಂಬದಿಯ ಚಕ್ರದ ಶೈಲಿ ಅನಂತರ ‘ಕಾಂಟಿನೆಂಟಲ್ ಕಿಟ್’ ಎಂಬ ಹೆಸರಿನಿಂದ ಎಲ್ಲೆಡೆ ಅನುಕರಣೆಗೊಂಡಿತು. 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ನಡೆಸಿದ ಎಂಟು ಕಾರುಗಳ ಪ್ರದರ್ಶನದಲ್ಲಿ ಕಾಂಟಿನೆಂಟಲ್ ಒಂದಾಗಿತ್ತು.

ಹಾಟ್ ರಾಡ್ ಪರಂಪರೆಯಲ್ಲಿ

ದಕ್ಷಿಣ ಕ್ಯಾಲಿಫೋರ್ನಿಯಾದ ಒಣ ಸರೋವರಗಳ ಸಮತಟ್ಟಾದ ನೆಲದ ಮೇಲೆ ತರುಣರು ಹಳೆಯ ಫೋರ್ಡ್ ಕಾರುಗಳನ್ನು ಓಡಿಸಿ ವೇಗ ಅಳೆಯುತ್ತಿದ್ದರು. ಇವರ ಕ್ಲಬ್ಬುಗಳು ಸೇರಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಸ್ಥಾಪಿಸಿದವು. ಎರಡನೆಯ ಮಹಾಯುದ್ಧದ ನಂತರ ಈ ಹವ್ಯಾಸ ಹಬ್ಬಿತು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಪತ್ರಿಕೆ ಆರಂಭವಾಯಿತು.

ಇವರ ನೆಚ್ಚಿನ ಕಾರು 1932ರ ರೋಡ್‌ಸ್ಟರ್. ವಾರಾಂತ್ಯದ ಓಟಕ್ಕಷ್ಟೇ ಅಲ್ಲದೆ ದಿನನಿತ್ಯ ಕೆಲಸಕ್ಕೆ ಹೋಗಲೂ ಬೇಕಾಗಿದ್ದ ಈ ಕಾರನ್ನು ಹಳೆಯ ರೂಪ ಕೆಡದಂತೆ ಸುಖಕರವೂ ಸುರಕ್ಷಿತವೂ ಆಗಿಸುವುದು ದೊಡ್ಡ ಸಮಸ್ಯೆ. ಅದಕ್ಕೆ ಪರಿಹಾರಗಳು ಬಂದದ್ದು ಬಹುಮಟ್ಟಿಗೆ ಎಡ್ಸೆಲ್ ಅವರ ಕಾಲದಲ್ಲೇ ತಯಾರಾದ ನಂತರದ ಮಾದರಿಗಳಿಂದಲೇ. 1939 ಮತ್ತು ಅನಂತರದ ಫೋರ್ಡ್ ಕಾರುಗಳ ಹೈಡ್ರಾಲಿಕ್ ಬ್ರೇಕುಗಳನ್ನು 1932ರ ಅಚ್ಚಿಗೆ ಜೋಡಿಸುವುದು ವಾಡಿಕೆಯಾಯಿತು. 1939ರ ಗೇರುಪೆಟ್ಟಿಗೆಯೊಳಗೆ ಲಿಂಕನ್ ಜೆಫಿರ್ ಕಾರಿನ ಗೇರುಗಳನ್ನು ಕೂಡಿಸುತ್ತಿದ್ದರು. 1940ರ ಫೋರ್ಡಿನ ಸ್ಟೇರಿಂಗ್ ಚಕ್ರವೂ ಬಹು ಬೇಡಿಕೆಯದಾಗಿತ್ತು. ಈ ಭಾಗಗಳು ಇಷ್ಟು ಸಲೀಸಾಗಿ ಹೊಂದಿಕೊಂಡದ್ದಕ್ಕೆ ಕಾರಣ, ಹೆನ್ರಿ 1948ರ ಮಾದರಿಯವರೆಗೂ ನಡೆದುಬಂದ ತಮ್ಮ ಅಚ್ಚು ಮತ್ತು ಸ್ಪ್ರಿಂಗಿನ ಕ್ರಮವನ್ನು ಬದಲಿಸಲು ಬಿಡದಿದ್ದುದು. ಮಗ ಹೋರಾಡಿ ತಂದ ಸುಧಾರಣೆಯನ್ನು ಹಳೆಯ ಕಾರಿಗೆ ಕೂಡಿಸಲು ತಂದೆಯ ಹಟವೇ ಅನುಕೂಲ ಮಾಡಿಕೊಟ್ಟಿತೆಂಬುದು ವಿಚಿತ್ರವಾದರೂ ನಿಜ.

ಇಂದು ಸಾಂಪ್ರದಾಯಿಕ ಹಾಟ್ ರಾಡ್ ಕಟ್ಟುವವರು ಸೌಕರ್ಯವನ್ನು ಕಣ್ಣಿಗೆ ಬೀಳದಂತೆ ಅಡಗಿಸುತ್ತಾರೆ. ನೆಲ ಮತ್ತು ಎಂಜಿನಿನ ಹಿಂಗೋಡೆಗೆ ಶಾಖ, ಸದ್ದು ತಡೆಯುವ ಪದರ. ಹಳೆಯ ನೆರಿಗೆ ಹೊಲಿಗೆಯ ಹೊದಿಕೆಯ ಅಡಿಯಲ್ಲಿ ದಪ್ಪನೆಯ ಫೋಮು. ಹಳೆಯ ಟೈರಿನ ನೋಟವಿರುವ ರೇಡಿಯಲ್ ಟೈರು ಇವೆಲ್ಲ ಸಾಮಾನ್ಯ. ಮುಂದಿನ ಅಚ್ಚು ಮತ್ತು ಅಡ್ಡ ಸ್ಪ್ರಿಂಗ್ ಹೊರಗೆ ಕಾಣುವುದರಿಂದ ಅದನ್ನು ಉಳಿಸಿಕೊಂಡು, ಕಾಣದ ಹಿಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಹಾಕುವವರೂ ಇದ್ದಾರೆ. ಚಾವಣಿಯನ್ನು ಎಷ್ಟು ಅಂಗುಲ ಕತ್ತರಿಸಬೇಕೆಂಬುದು ಮಾತ್ರ ಇನ್ನೂ ತೀರದ ಚರ್ಚೆ. ಎತ್ತರದ ಚಾಲಕರು ಕಡಿಮೆ ಕತ್ತರಿಸಿ ಆಸನವನ್ನು ಇಳಿಸುತ್ತಾರೆ.

ಕಲೆ, ವಿಮಾನಯಾನ ಮತ್ತು ದಾನ

ಡೆಟ್ರಾಯಿಟ್ ಕಲಾ ಸಂಸ್ಥೆಯ ಆಡಳಿತ ನೋಡಿಕೊಳ್ಳುತ್ತಿದ್ದ ಆಯೋಗದ ಅಧ್ಯಕ್ಷರಾಗಿದ್ದ ಎಡ್ಸೆಲ್, ಮೆಕ್ಸಿಕೋದ ಚಿತ್ರಕಾರ ದಿಯೆಗೊ ರಿವೇರಾ ಅವರಿಂದ 1932–33ರಲ್ಲಿ ಕಾರ್ಖಾನೆಯ ಬದುಕನ್ನು ಚಿತ್ರಿಸುವ 27 ಭಿತ್ತಿಚಿತ್ರಗಳನ್ನು ಬರೆಯಿಸಲು ಹಣ ಕೊಟ್ಟರು. ಅವುಗಳನ್ನು ಅಳಿಸಬೇಕೆಂಬ ಕೂಗು ಎದ್ದಾಗಲೂ ಚಿತ್ರಕಾರನ ಪರ ನಿಂತರು. ಫೋರ್ಡ್ ಟ್ರೈಮೋಟಾರ್ ವಿಮಾನದ ತಯಾರಿಕೆಗೆ ಪ್ರೋತ್ಸಾಹ ಕೊಟ್ಟರು. ರಿಚರ್ಡ್ ಬರ್ಡ್ ಅವರ ಧ್ರುವಯಾತ್ರೆಗಳಿಗೆ ನೆರವಾದರು. ಅಂಟಾರ್ಕ್ಟಿಕಾದ ಒಂದು ಪರ್ವತಶ್ರೇಣಿಗೆ ಇವರ ಹೆಸರಿದೆ.

1936ರಲ್ಲಿ 25,000 ಡಾಲರುಗಳ ಮೂಲ ದೇಣಿಗೆಯಿಂದ ಇವರು ಸ್ಥಾಪಿಸಿದ ಫೋರ್ಡ್ ಪ್ರತಿಷ್ಠಾನ ಮುಂದೆ ಜಗತ್ತಿನ ದೊಡ್ಡ ದಾನಸಂಸ್ಥೆಗಳಲ್ಲೊಂದಾಯಿತು. ಅಮೆರಿಕದ ಹೊರಗೆ ಅದರ ಮೊದಲ ಕಚೇರಿ 1952ರಲ್ಲಿ ದೆಹಲಿಯಲ್ಲಿ ತೆರೆಯಿತು. ಪ್ರತಿಷ್ಠಾನ ಹುಟ್ಟಿದ ವರ್ಷದಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸುವ ಯೋಜನೆಯನ್ನು ಮಂಡಿಸಿದ್ದರು.

ಕೊನೆಯ ವರ್ಷಗಳು

1930ರ ದಶಕದ ಉತ್ತರಾರ್ಧದಲ್ಲಿ ಹೆನ್ರಿ ಫೋರ್ಡ್ ಅವರ ವಿಶ್ವಾಸ ಹ್ಯಾರಿ ಬೆನೆಟ್ ಎಂಬ ಅಧಿಕಾರಿಯ ಕಡೆಗೆ ವಾಲಿತು. ಕಾರ್ಮಿಕ ಸಂಘದೊಡನೆ ಮಾತುಕತೆ ನಡೆಸಬೇಕೆಂಬುದು ಎಡ್ಸೆಲ್ ಅವರ ಅಭಿಪ್ರಾಯ. ಬೆನೆಟ್ ಅವರ ಆಳುಗಳು 1937ರ ಮೇ 26ರಂದು ರೂಜ್ ಕಾರ್ಖಾನೆಯ ಮೇಲ್ಸೇತುವೆಯ ಬಳಿ ಸಂಘಟಕರನ್ನು ಥಳಿಸಿದರು. 1941ರಲ್ಲಿ ಕಂಪನಿ ಸಂಘದೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಯುದ್ಧಕಾಲದಲ್ಲಿ ವಿಲೋ ರನ್ ಕಾರ್ಖಾನೆಯಲ್ಲಿ ಬಿ-24 ಬಾಂಬರ್ ವಿಮಾನಗಳ ತಯಾರಿಕೆಯ ಹೊಣೆ ಎಡ್ಸೆಲ್ ಅವರ ಮೇಲೆ ಬಿದ್ದಿತು.

ಹೊಟ್ಟೆಯ ಹುಣ್ಣಿನಿಂದ ಬಳಲುತ್ತಿದ್ದ ಅವರಿಗೆ ಜಠರದ ಕ್ಯಾನ್ಸರ್ ಇರುವುದು ತಿಳಿದುಬಂದಿತು. ಹಸಿ ಹಾಲಿನಿಂದ ಹರಡುವ ಬ್ರುಸೆಲ್ಲಾ ಜ್ವರವೂ ಸೇರಿಕೊಂಡಿತು. 1943ರ ಮೇ 26ರಂದು ಗ್ರೋಸ್ ಪಾಯಿಂಟ್ ಷೋರ್ಸ್‌ನ ತಮ್ಮ ಮನೆಯಲ್ಲಿ 49ನೆಯ ವಯಸ್ಸಿನಲ್ಲಿ ನಿಧನರಾದರು. ಸುಮಾರು 80 ವರ್ಷದ ಹೆನ್ರಿ ಮತ್ತೆ ಅಧ್ಯಕ್ಷ ಪದವಿ ವಹಿಸಿಕೊಂಡರು. 1945ರಲ್ಲಿ ಅದು ಮೊಮ್ಮಗ ಎರಡನೆಯ ಹೆನ್ರಿಗೆ ಬಂದಿತು.

ಮರಣಾನಂತರ

1957ರಲ್ಲಿ ಕಂಪನಿ ‘ಎಡ್ಸೆಲ್’ ಹೆಸರಿನ ಕಾರುಗಳನ್ನು ಬಿಡುಗಡೆ ಮಾಡಿತು. ಅವು ಮಾರಾಟವಾಗದೆ 1959ರಲ್ಲಿ ನಿಂತುಹೋದವು. ಆ ಕಾರಿನ ವಿನ್ಯಾಸದಲ್ಲಿ ಎಡ್ಸೆಲ್ ಫೋರ್ಡ್ ಅವರ ಪಾಲು ಏನೂ ಇರಲಿಲ್ಲ. ಆದರೂ ಅಮೆರಿಕದ ಆಡುಮಾತಿನಲ್ಲಿ ಅವರ ಹೆಸರು ಬಹುಕಾಲ ಸೋಲಿಗೆ ಪರ್ಯಾಯವಾಗಿ ಬಳಕೆಯಾಯಿತು.

1934ರ ಸ್ಪೀಡ್‌ಸ್ಟರ್ ಹಲವರ ಕೈ ಬದಲಾಯಿಸಿ ದಶಕಗಳ ಕಾಲ ಕಣ್ಮರೆಯಾಗಿದ್ದು, 1999ರಲ್ಲಿ ಫ್ಲಾರಿಡಾದಲ್ಲಿ ಪತ್ತೆಯಾಯಿತು. 2008ರ ಹರಾಜಿನಲ್ಲಿ 17 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾದ ಈ ಕಾರನ್ನು ಅನಂತರ ಎಡ್ಸೆಲ್ ಮತ್ತು ಎಲಿನರ್ ಫೋರ್ಡ್ ಅವರ ಮನೆಯಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯ ಪಡೆದುಕೊಂಡು ದುರಸ್ತಿ ಮಾಡಿಸಿತು. 1940ರಲ್ಲಿ ಬದಲಾದ ಅಗಲ ಜಾಲರಿಯ ರೂಪದಲ್ಲಿಯೇ ಅದನ್ನು ಉಳಿಸಿಕೊಳ್ಳಲಾಗಿದೆ.